ಉದ್ಯೋಗಕ್ಕೆ ಬೇಕಾದ ಮೃದು ಕೌಶಲಗಳು: ಕಲಿಸುವ ಯಾವ ದಾರಿ ಯಾವ ಕಾಲೇಜಿಗೆ ಹೊಂದುತ್ತದೆ?

ಐಟಿಐ, ಪಾಲಿಟೆಕ್ನಿಕ್, ಪದವಿ ಮತ್ತು ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಮೃದು ಕೌಶಲಗಳನ್ನು ಕಲಿಸಬೇಕೇ ಎಂದು ಇಂದು ಯಾರೂ ಕೇಳುವುದಿಲ್ಲ. ಹೇಗೆ ಕಲಿಸಬೇಕು ಎಂಬುದರಲ್ಲೇ ಗೊಂದಲವಿದೆ. ಹೇಳಬೇಕಾದುದನ್ನು ಸ್ಪಷ್ಟವಾಗಿ ಹೇಳುವುದು, ಕೇಳಿಸಿಕೊಳ್ಳುವುದು, ಒಪ್ಪಿಕೊಂಡ ಸಮಯಕ್ಕೆ ಕೆಲಸ ಮುಗಿಸುವುದು, ಮುಗಿಯದಿದ್ದರೆ ಮೊದಲೇ ತಿಳಿಸುವುದು, ಹೊಂದಿಕೆಯಾಗದವರ ಜೊತೆಗೂ ಸೇರಿ ದುಡಿಯುವುದು, ತಪ್ಪನ್ನು ತೋರಿಸಿದಾಗ ಕುಗ್ಗದೆ ತಿದ್ದಿಕೊಳ್ಳುವುದು ಇವೆಲ್ಲ ಆ ಹೆಸರಿನಡಿ ಬರುತ್ತವೆ. ಇವುಗಳನ್ನು ಕಲಿಸಲು ಒಬ್ಬ ಪ್ರಾಂಶುಪಾಲರ ಮುಂದೆ ಸಾಮಾನ್ಯವಾಗಿ ಐದು ದಾರಿಗಳಿರುತ್ತವೆ: ಹೊರಗಿನ ತರಬೇತುದಾರರನ್ನು ಕರೆಸಿ ಶಿಬಿರ ನಡೆಸುವುದು, ವೇಳಾಪಟ್ಟಿಯಲ್ಲಿ ಪ್ರತ್ಯೇಕ ವಿಷಯವಾಗಿ ಇಡುವುದು, ಈಗಿರುವ ಪಾಠ ಮತ್ತು ಲ್ಯಾಬ್‌ಗಳ ಒಳಗೇ ಬೆಸೆಯುವುದು, ಇಂಟರ್ನ್‌ಶಿಪ್ ಅಥವಾ ಅಪ್ರೆಂಟಿಸ್‌ಶಿಪ್‌ಗೆ ಕಳುಹಿಸುವುದು ಮತ್ತು ಆನ್‌ಲೈನ್ ಕೋರ್ಸ್‌ಗಳನ್ನು ಆಶ್ರಯಿಸುವುದು.

ಇವುಗಳನ್ನು ಹೋಲಿಸುವಾಗ ಖರ್ಚು, ಸಮಯ, ಪ್ರಮಾಣಪತ್ರದ ಬೆಲೆ ಮುಂತಾದ ಅನೇಕ ಅಳತೆಗೋಲುಗಳನ್ನು ಬಳಸಬಹುದು. ನನ್ನ ಮಟ್ಟಿಗೆ ಎರಡು ಪ್ರಶ್ನೆಗಳು ಉಳಿದೆಲ್ಲಕ್ಕಿಂತ ಮುಖ್ಯ. ಒಂದು ಸೆಮಿಸ್ಟರಿನಲ್ಲಿ ಒಬ್ಬ ವಿದ್ಯಾರ್ಥಿ ಆ ಕೌಶಲವನ್ನು ಎಷ್ಟು ಸಲ ಸ್ವತಃ ಮಾಡಿ ನೋಡುತ್ತಾನೆ? ಮಾಡಿದ ಮೇಲೆ ಎಲ್ಲಿ ಸರಿಯಾಯಿತು, ಎಲ್ಲಿ ತಪ್ಪಿತು ಎಂದು ಅವನಿಗೆ ಹೇಳುವವರು ಯಾರು? ಈಜನ್ನು ದಡದಲ್ಲಿ ಕುಳಿತು ಕಲಿಯಲಾಗದಂತೆ ಈ ಕೌಶಲಗಳನ್ನೂ ಉಪನ್ಯಾಸ ಕೇಳಿ ಕಲಿಯಲಾಗದು. ಈ ಎರಡು ಪ್ರಶ್ನೆಗಳಿಗೆ ಸಮಾಧಾನಕರ ಉತ್ತರ ಸಿಗದ ಯಾವ ಯೋಜನೆಗೂ ಕಾಲೇಜು ಹಣವನ್ನಾಗಲಿ ಮಕ್ಕಳ ಸಮಯವನ್ನಾಗಲಿ ಕೊಡಬಾರದು ಎಂಬುದು ನನ್ನ ದೃಢವಾದ ಅಭಿಪ್ರಾಯ.

ತರಬೇತುದಾರರ ಶಿಬಿರ

ಅಂತಿಮ ವರ್ಷದಲ್ಲಿ, ಕಂಪನಿಗಳು ಕ್ಯಾಂಪಸ್ಸಿಗೆ ಬರುವ ಮುನ್ನ, ಪ್ಲೇಸ್‌ಮೆಂಟ್ ಸೆಲ್ ಎರಡು ದಿನಗಳ ಶಿಬಿರ ಏರ್ಪಡಿಸುವುದು ಬಹುತೇಕ ಕಡೆ ರೂಢಿಯಾಗಿದೆ. ಸಭಾಂಗಣದಲ್ಲಿ ಅರವತ್ತು ವಿದ್ಯಾರ್ಥಿಗಳು, ದಿನಕ್ಕೆ ಆರು ಗಂಟೆ ಎಂದುಕೊಳ್ಳೋಣ. ತರಬೇತುದಾರರು ಒಂದು ಮಾತನ್ನೂ ಆಡದೆ ಹನ್ನೆರಡು ಗಂಟೆಗಳನ್ನು ಪೂರ್ತಿಯಾಗಿ ವಿದ್ಯಾರ್ಥಿಗಳಿಗೇ ಹಂಚಿಕೊಟ್ಟರೂ ಒಬ್ಬೊಬ್ಬರ ಪಾಲಿಗೆ ಬರುವುದು ಹನ್ನೆರಡು ನಿಮಿಷ. ತರಬೇತುದಾರರು ಅರ್ಧ ಸಮಯ ಮಾತನಾಡಿದರೆ ಅದು ಆರು ನಿಮಿಷಕ್ಕೆ ಇಳಿಯುತ್ತದೆ. ಮುಂದಿನ ಸಾಲಿನ ಹತ್ತು ಮಂದಿ ಮಾತುಗಾರರು ಉತ್ಸಾಹದಿಂದ ಮುಂದೆ ಬಂದರೆ ಹಿಂದಿನ ಬೆಂಚಿನ ಹುಡುಗಿಯ ಪಾಲಿಗೆ ಅದೂ ಉಳಿಯುವುದಿಲ್ಲ. ನಿಜವಾಗಿ ಅಭ್ಯಾಸ ಬೇಕಾಗಿದ್ದವಳು ಅವಳೇ.

ಹಾಗೆಂದು ಶಿಬಿರ ನಿರುಪಯೋಗಿ ಎಂದು ತಳ್ಳಿಹಾಕಲಾಗದು. ರೆಸ್ಯೂಮೆ ಬರೆಯುವ ಕ್ರಮ, ಗುಂಪು ಚರ್ಚೆಯ ರೀತಿ, ಸಂದರ್ಶನದಲ್ಲಿ ಕೇಳುವ ಪ್ರಶ್ನೆಗಳ ಸ್ವರೂಪ ಮುಂತಾಗಿ ಮಾಹಿತಿಯ ರೂಪದಲ್ಲಿರುವ ಸಂಗತಿಗಳನ್ನು ಎರಡು ದಿನಗಳಲ್ಲಿ ತಿಳಿಸಬಹುದು. ಹೊರಗಿನವರು ಹೇಳಿದ ಮಾತಿಗೆ ವಿದ್ಯಾರ್ಥಿಗಳು ಕೊಡುವ ಬೆಲೆಯೂ ಸ್ವಲ್ಪ ಹೆಚ್ಚು. ಆದರೆ ಮಾಹಿತಿ ಸಿಕ್ಕಿತೆಂದ ಮಾತ್ರಕ್ಕೆ ಅಭ್ಯಾಸ ಬಂದಂತಾಗಲಿಲ್ಲ. ಶಿಬಿರದ ಮಾರನೆಯ ದಿನದಿಂದ ಅದೇ ಮಕ್ಕಳು ಅದೇ ತರಗತಿಯಲ್ಲಿ, ಉಪನ್ಯಾಸಕರು ಹೇಳಿದ್ದನ್ನು ಬರೆದುಕೊಳ್ಳುತ್ತಾ ಮೌನವಾಗಿ ಕೂರುವುದಾದರೆ ಹಿಂದಿನ ಎರಡು ದಿನಗಳ ಉತ್ಸಾಹಕ್ಕೆ ಬೇರೂರಲು ನೆಲವೇ ಇರುವುದಿಲ್ಲ.

ಪ್ರತ್ಯೇಕ ವಿಷಯ

ಸರ್ಕಾರಿ ಪಠ್ಯಕ್ರಮಗಳು ಹೆಚ್ಚಾಗಿ ಹಿಡಿದಿರುವುದು ಈ ದಾರಿಯನ್ನು. ಐಟಿಐಗಳಲ್ಲಿ ‘ಎಂಪ್ಲಾಯಬಿಲಿಟಿ ಸ್ಕಿಲ್ಸ್’ ಎಲ್ಲ ಟ್ರೇಡ್‌ಗಳಿಗೂ ಸಾಮಾನ್ಯ ವಿಷಯ; 2022ರಲ್ಲಿ ಪರಿಷ್ಕೃತವಾದ ಪಠ್ಯಕ್ರಮದಲ್ಲಿ ಮೊದಲ ವರ್ಷಕ್ಕೆ 120 ಗಂಟೆ, ಎರಡು ವರ್ಷದ ಟ್ರೇಡ್‌ಗಳಾದರೆ ಎರಡನೆಯ ವರ್ಷಕ್ಕೆ ಮತ್ತೆ 60 ಗಂಟೆ ನಿಗದಿಯಾಗಿದೆ. ಯುಜಿಸಿ 2019ರಲ್ಲಿ ಪದವಿ ವಿದ್ಯಾರ್ಥಿಗಳಿಗಾಗಿ ‘ಜೀವನ ಕೌಶಲ’ ಎಂಬ ಪಠ್ಯಕ್ರಮ ರೂಪಿಸಿ, ಸಂವಹನ, ವೃತ್ತಿ ಕೌಶಲ, ನಾಯಕತ್ವ ಮತ್ತು ನಿರ್ವಹಣೆ, ಸಾರ್ವತ್ರಿಕ ಮಾನವೀಯ ಮೌಲ್ಯಗಳು ಎಂಬ ನಾಲ್ಕು ಭಾಗಗಳಿಗೆ ಒಟ್ಟು 8 ಕ್ರೆಡಿಟ್ ಸೂಚಿಸಿತು. ಪ್ರೌಢಶಾಲೆಗಳಲ್ಲಿ ರಾಷ್ಟ್ರೀಯ ಕೌಶಲ ಅರ್ಹತಾ ಚೌಕಟ್ಟಿನ (ಎನ್‌ಎಸ್‌ಕ್ಯೂಎಫ್) ಅಡಿ ವೃತ್ತಿಪರ ವಿಷಯ ಆರಿಸಿಕೊಂಡ ಮಕ್ಕಳಿಗೂ ಸಂವಹನ, ಸ್ವನಿರ್ವಹಣೆ, ಮಾಹಿತಿ ತಂತ್ರಜ್ಞಾನ, ಉದ್ಯಮಶೀಲತೆ ಮತ್ತು ಹಸಿರು ಕೌಶಲ ಎಂಬ ಐದು ಘಟಕಗಳಿವೆ.

ಪ್ರತ್ಯೇಕ ವಿಷಯವಾಗಿದ್ದರೆ ವೇಳಾಪಟ್ಟಿಯಲ್ಲಿ ಜಾಗ ಖಚಿತ, ಹೊಣೆ ಹೊರುವವರ ಹೆಸರು ಖಚಿತ, ಗಂಟೆಗಳೂ ಶಿಬಿರಕ್ಕಿಂತ ಹತ್ತು ಪಟ್ಟು. ಇವು ಸಣ್ಣ ಅನುಕೂಲಗಳಲ್ಲ. ಆದರೆ ಈ ದಾರಿ ಎಡವುವುದು ಪರೀಕ್ಷೆಯಲ್ಲಿ. ‘ಉತ್ತಮ ತಂಡದ ಐದು ಲಕ್ಷಣಗಳನ್ನು ಬರೆಯಿರಿ’ ಎಂಬ ಪ್ರಶ್ನೆ ಬಂದರೆ ವಿದ್ಯಾರ್ಥಿ ಗೈಡ್‌ನಿಂದ ಐದು ಸಾಲು ಬಾಯಿಪಾಠ ಮಾಡಿ, ಒಂದು ದಿನವೂ ತಂಡದಲ್ಲಿ ಕೆಲಸ ಮಾಡದೆ ಪೂರ್ಣ ಅಂಕ ಪಡೆಯುತ್ತಾನೆ. ಬಹು ಆಯ್ಕೆಯ ಪ್ರಶ್ನೆಗಳಾದರೆ ಬರೆಯುವ ಶ್ರಮವೂ ತಪ್ಪುತ್ತದೆ. ಇನ್ನೊಂದು ತೊಡಕೆಂದರೆ, ಈ ವಿಷಯದ ತರಗತಿಯನ್ನು ಯಾರಿಗೆ ಕಾರ್ಯಭಾರ ಕಡಿಮೆಯಿದೆಯೋ ಅವರಿಗೆ ಹಂಚುವ ಅಭ್ಯಾಸ. ಆ ಅಧ್ಯಾಪಕರಿಗೆ ಅದು ಭರ್ತಿ ಮಾಡಬೇಕಾದ ಗಂಟೆಯಾಗಿಬಿಡುತ್ತದೆ. ವಿದ್ಯಾರ್ಥಿಗಳಿಗೆ ಅದು ಬೇಗನೆ ತಿಳಿದೂ ಹೋಗುತ್ತದೆ.

ನಿಮ್ಮ ಸಂಸ್ಥೆಯಲ್ಲಿ ಈ ವಿಷಯ ಈಗಾಗಲೇ ಕಡ್ಡಾಯವಾಗಿದ್ದರೆ ಅದನ್ನು ಬಿಡುವ ಪ್ರಶ್ನೆಯಿಲ್ಲ. ಆಂತರಿಕ ಅಂಕಗಳು ಎಷ್ಟಿವೆಯೋ ಅಷ್ಟನ್ನೂ ಮಾಡಿ ತೋರಿಸುವ ಕೆಲಸಕ್ಕೆ ಮೀಸಲಿಟ್ಟರೆ ಅದರ ಸ್ವರೂಪವೇ ಬದಲಾಗುತ್ತದೆ. ಬರೆಯುವ ಉತ್ತರದ ಬದಲು ವಿದ್ಯಾರ್ಥಿ ಒಬ್ಬ ಗ್ರಾಹಕರ ದೂರನ್ನು ಕೇಳಿಸಿಕೊಂಡು ಅದನ್ನು ಮೂರು ವಾಕ್ಯಗಳಲ್ಲಿ ಮೇಲಿನವರಿಗೆ ತಿಳಿಸಲಿ. ಅಂಕ ಅದಕ್ಕೆ ಸಿಗಲಿ.

ಪಾಠದೊಳಗೆ ಬೆಸೆಯುವುದು

ಈ ಐದರಲ್ಲಿ ನನ್ನ ಆಯ್ಕೆ ಇದೇ. ಇದರ ಕಷ್ಟಗಳನ್ನೂ ಮುಂದೆ ಹೇಳುತ್ತೇನೆ. ಮೊದಲು ಇದು ಹೇಗಿರುತ್ತದೆ ಎಂಬುದನ್ನು ಒಂದು ಪಾಲಿಟೆಕ್ನಿಕ್ ವರ್ಕ್‌ಶಾಪ್‌ನಲ್ಲಿ ನೋಡಬಹುದು. ಇಪ್ಪತ್ತು ಮಂದಿಯ ಬ್ಯಾಚ್, ಮೂರು ಗಂಟೆಯ ಲ್ಯಾಬ್, ಲೇತ್ ಯಂತ್ರದ ಮೇಲೆ ಲೋಹದ ತುಂಡನ್ನು ಮೆಟ್ಟಿಲಿನಂತೆ ಕಡೆಯುವ ಸ್ಟೆಪ್ ಟರ್ನಿಂಗ್ ಮತ್ತು ಓರೆಯಾಗಿ ಕಡೆಯುವ ಟೇಪರ್ ಟರ್ನಿಂಗ್ ಕೆಲಸ. ಲ್ಯಾಬ್‌ನ ಕೊನೆಯ ನಲವತ್ತು ನಿಮಿಷಗಳಲ್ಲಿ ಪ್ರತಿಯೊಬ್ಬರೂ ತಮ್ಮ ಕೆಲಸದ ಸ್ಥಿತಿಯನ್ನು ಅಧ್ಯಾಪಕರಿಗೆ ನಿಂತು ವರದಿ ಮಾಡಬೇಕು. ಮೊದಲ ವಾರ ಬರುವ ಉತ್ತರ ಬಹುಪಾಲು ಒಂದೇ: ‘ಸರ್, ಆಗಲಿಲ್ಲ.’ ಅಧ್ಯಾಪಕರು ಬೈಯುವುದಿಲ್ಲ. ಎಷ್ಟಾಗಿದೆ, ಎಲ್ಲಿ ನಿಂತಿದೆ, ಮುಗಿಸಲು ಏನು ಬೇಕು ಎಂಬ ಮೂರೇ ಪ್ರಶ್ನೆ ಕೇಳುತ್ತಾರೆ. ಪ್ರತಿ ವಾರವೂ ಅವೇ ಮೂರು ಪ್ರಶ್ನೆಗಳು ಬರುತ್ತವೆ ಎಂದು ಗೊತ್ತಾದ ಮೇಲೆ ವಿದ್ಯಾರ್ಥಿ ಕೇಳುವ ಮುನ್ನವೇ ಸಿದ್ಧನಾಗುತ್ತಾನೆ. ಕೆಲವು ವಾರಗಳ ನಂತರ ಅದೇ ಹುಡುಗನ ಬಾಯಿಂದ ಬರಬೇಕಾದದ್ದು ಇಂಥ ಮಾತು: ‘ಸರ್, ಸ್ಟೆಪ್ ಟರ್ನಿಂಗ್ ಮುಗಿದಿದೆ, ಟೇಪರ್ ಉಳಿದಿದೆ. 24 ಮಿಲಿಮೀಟರ್ ಬರಬೇಕಾದಲ್ಲಿ 23.6 ಬಂದಿದೆ, ವರ್ನಿಯರ್ ಓದುವಾಗ ನಾನು ತಪ್ಪಿದೆ. ಹೊಸ ಪೀಸ್ ಕೊಟ್ಟರೆ ಮುಂದಿನ ವಾರ ಎರಡನ್ನೂ ಮುಗಿಸುತ್ತೇನೆ.’

ಈ ಮೂರು ವಾಕ್ಯಗಳಲ್ಲಿ ಸ್ಪಷ್ಟತೆಯಿದೆ, ಪ್ರಾಮಾಣಿಕತೆಯಿದೆ, ಪರಿಹಾರವಿದೆ, ಗಡುವಿದೆ. ಬೆಂಗಳೂರಿನ ಪೀಣ್ಯ ಕೈಗಾರಿಕಾ ಪ್ರದೇಶದ ಒಂದು ಮಷಿನ್ ಶಾಪ್‌ನಲ್ಲಿ ಶಿಫ್ಟ್ ಬದಲಾಗುವಾಗ ಮುಂದಿನ ಶಿಫ್ಟಿನವರಿಗೆ ಹೇಳಬೇಕಾದದ್ದೂ ಇದೇ ಬಗೆಯ ಮಾತು. ಲೆಕ್ಕವನ್ನೂ ನೋಡಿ: ಒಬ್ಬರಿಗೆ ವಾರಕ್ಕೆ ಎರಡು ನಿಮಿಷದಂತೆ ಹದಿನಾಲ್ಕು ವಾರಗಳ ಸೆಮಿಸ್ಟರಿನಲ್ಲಿ ಒಂದೇ ಲ್ಯಾಬ್‌ನಿಂದ ಇಪ್ಪತ್ತೆಂಟು ನಿಮಿಷ ಸಿಗುತ್ತದೆ. ಎರಡು ದಿನಗಳ ಶಿಬಿರ ಅತ್ಯುತ್ತಮವಾಗಿ ನಡೆದಾಗ ಕೊಡುವುದರ ಎರಡು ಪಟ್ಟಿಗೂ ಹೆಚ್ಚು ಇದು. ಅದಕ್ಕಿಂತ ಮುಖ್ಯವಾಗಿ, ಈ ಹದಿನಾಲ್ಕು ಅವಕಾಶಗಳ ನಡುವೆ ತಿದ್ದಿಕೊಳ್ಳಲು ಒಂದೊಂದು ವಾರದ ಬಿಡುವಿದೆ, ಸಭಾಂಗಣದ ಅಪರಿಚಿತ ವೇದಿಕೆಯ ಬದಲು ದಿನನಿತ್ಯದ ಕೆಲಸವೇ ಅದರ ಸಂದರ್ಭವಾಗಿದೆ.

ವಾಣಿಜ್ಯ ವಿಭಾಗದಲ್ಲಿ ಬ್ಯಾಂಕಿಂಗ್ ಪಾಠದ ಜೊತೆಗೆ, ಖಾತೆಯಿಂದ ಎರಡು ಸಲ ಹಣ ಕಡಿತವಾಗಿ ಸಿಟ್ಟಿನಿಂದ ಬಂದ ಗ್ರಾಹಕರನ್ನು ಕೌಂಟರಿನಲ್ಲಿ ಎದುರುಗೊಳ್ಳುವ ಅಭ್ಯಾಸ ಮಾಡಿಸಬಹುದು. ವಿಜ್ಞಾನ ವಿಭಾಗದಲ್ಲಿ ಲ್ಯಾಬ್ ರೆಕಾರ್ಡ್‌ನ ಒಂದು ಪುಟವನ್ನು, ಆ ಪ್ರಯೋಗ ಗೊತ್ತಿಲ್ಲದವರಿಗೆ ಅರ್ಥವಾಗುವಂತೆ ಅರ್ಧ ಪುಟದಲ್ಲಿ ಬರೆಸಬಹುದು. ಆಯಾ ವಿಷಯದ ಅಧ್ಯಾಪಕರಿಗೆ ಇಂಥ ಸಂದರ್ಭಗಳು ನನಗಿಂತ ಚೆನ್ನಾಗಿ ಹೊಳೆಯುತ್ತವೆ.

ಗುಂಪು ಪ್ರಾಜೆಕ್ಟ್ ಬಗ್ಗೆ ಮಾತ್ರ ವಿವರವಾಗಿ ಹೇಳಲೇಬೇಕು, ಏಕೆಂದರೆ ತಂಡದ ಕೆಲಸವನ್ನು ಕಲಿಸುತ್ತಿದ್ದೇವೆ ಎಂದು ಬಹುತೇಕ ಕಾಲೇಜುಗಳು ನಂಬಿರುವುದು ಇದರ ಬಲದ ಮೇಲೆ. ನಾಲ್ವರ ಗುಂಪಿನಲ್ಲಿ ಒಬ್ಬರು ಕೆಲಸ ಮಾಡಿ, ನಾಲ್ವರ ಹೆಸರಿನಲ್ಲಿ ವರದಿ ಬೈಂಡ್ ಆಗಿ, ನಾಲ್ವರಿಗೂ ಒಂದೇ ಅಂಕ ಬಂದರೆ ದುಡಿದವರಿಗೆ ಕಹಿಯೂ ದುಡಿಯದವರಿಗೆ ಮೈಗಳ್ಳತನವೂ ಅಭ್ಯಾಸವಾಗುತ್ತವೆ. ನೂರಾರು ಗುಂಪುಗಳಲ್ಲಿ ಕಾಣುವ ಇನ್ನೊಂದು ಅನ್ಯಾಯವೂ ಇದೆ: ಯಂತ್ರ ಮುಟ್ಟುವುದು, ಕೋಡ್ ಬರೆಯುವುದು, ಹೊರಗೆ ಹೋಗಿ ಸಾಮಗ್ರಿ ತರುವುದು ಹುಡುಗರ ಪಾಲಾದರೆ ರೆಕಾರ್ಡ್ ಬರೆಯುವುದು, ಪಿಪಿಟಿಗೆ ಬಣ್ಣ ಹಾಕುವುದು ಹುಡುಗಿಯರ ಪಾಲಾಗುತ್ತದೆ. ಗುಂಪನ್ನು ವಿದ್ಯಾರ್ಥಿಗಳ ಸ್ನೇಹಕ್ಕೆ ಬಿಡದೆ ಅಧ್ಯಾಪಕರೇ ರಚಿಸುವುದು, ಮುಖ್ಯಸ್ಥ, ಲೆಕ್ಕ ಇಡುವವರು, ತಾಂತ್ರಿಕ ಕೆಲಸ ಮಾಡುವವರು ಎಂಬ ಪಾತ್ರಗಳನ್ನು ಮೂರು ವಾರಕ್ಕೊಮ್ಮೆ ಸುತ್ತಿಸುವುದು, ಯಾರು ಯಾವ ದಿನ ಏನು ಮಾಡಿದರು ಎಂಬ ಕೈಬರಹದ ದಿನಚರಿ ಇಡಿಸುವುದು, ವೈವಾದಲ್ಲಿ ಇನ್ನೊಬ್ಬರು ಮಾಡಿದ ಭಾಗದ ಬಗ್ಗೆಯೂ ಪ್ರತಿಯೊಬ್ಬರನ್ನು ಪ್ರತ್ಯೇಕವಾಗಿ ಕೇಳುವುದು ಇಷ್ಟನ್ನು ಮಾಡಿದರೆ ಅದೇ ಪ್ರಾಜೆಕ್ಟ್ ನಿಜವಾದ ತಂಡದ ಪಾಠವಾಗುತ್ತದೆ. ಹೊಸ ವಿಷಯ, ಹೊಸ ಹಣ ಯಾವುದೂ ಬೇಕಾಗುವುದಿಲ್ಲ.

ಈಗ ಕಷ್ಟಗಳು. ಸೆಕ್ಷನ್‌ನಲ್ಲಿ ನೂರು ಮಂದಿ ಇರುವ ಥಿಯರಿ ತರಗತಿಯಲ್ಲಿ ಪ್ರತಿಯೊಬ್ಬರ ಮಾತನ್ನು ಅಧ್ಯಾಪಕರು ಕೇಳಿಸಿಕೊಳ್ಳಲಾರರು. ಅಲ್ಲಿ ಇಬ್ಬಿಬ್ಬರ ಜೋಡಿ ಮಾಡಿ, ಒಬ್ಬರು ವಿವರಿಸಿ ಇನ್ನೊಬ್ಬರು ಅದನ್ನು ತಮ್ಮ ಮಾತಿನಲ್ಲಿ ಮರಳಿ ಹೇಳುವಂತೆ ಮಾಡುವುದಷ್ಟೇ ಸಾಧ್ಯ. ಪಠ್ಯಕ್ರಮ ಮುಗಿಯದು ಎಂಬ ಆತಂಕ ನ್ಯಾಯವಾದದ್ದು, ಆದ್ದರಿಂದ ಎಲ್ಲ ವಿಷಯಗಳಲ್ಲಿ ಒಮ್ಮೆಗೇ ಶುರುಮಾಡುವುದು ತರವಲ್ಲ. ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಲ್ಲಿ ಬೋಧನೆಯ ದೊಡ್ಡ ಪಾಲು ಅತಿಥಿ ಉಪನ್ಯಾಸಕರ ಮೇಲಿದೆ; ಮುಂದಿನ ವರ್ಷ ತಾವು ಅಲ್ಲಿರುತ್ತೇವೋ ಇಲ್ಲವೋ ತಿಳಿಯದವರಿಂದ ಮೂರು ವರ್ಷದ ಯೋಜನೆ ನಿರೀಕ್ಷಿಸುವುದು ಅವರಿಗೆ ಮಾಡುವ ಅನ್ಯಾಯ. ಅಂಥ ಕಡೆ ವಿಧಾನವನ್ನು ಒಂದು ಪುಟದಲ್ಲಿ ಬರೆದಿಟ್ಟು, ಬಂದವರೆಲ್ಲ ಅದನ್ನೇ ಅನುಸರಿಸುವಂತೆ ವಿಭಾಗವೇ ಹೊಣೆ ಹೊರಬೇಕು.

ಕೆಲಸದ ಜಾಗಕ್ಕೇ ಕಳುಹಿಸುವುದು

ಕೆಲಸದ ಜಾಗ ಕಲಿಸುವಷ್ಟು ತರಗತಿ ಕಲಿಸಲಾರದು ಎಂಬುದನ್ನು ಒಪ್ಪಿಕೊಳ್ಳಬೇಕು. 1961ರ ಅಪ್ರೆಂಟಿಸ್ ಕಾಯ್ದೆಯಡಿಯ ತರಬೇತಿ, ಡಿಪ್ಲೊಮಾ ಮತ್ತು ಎಂಜಿನಿಯರಿಂಗ್‌ನ ಇಂಟರ್ನ್‌ಶಿಪ್, ಅಪ್ರೆಂಟಿಸ್‌ಶಿಪ್ ಒಳಗೊಂಡ ಪದವಿಗಳು ಇವೆಲ್ಲ ವಿದ್ಯಾರ್ಥಿಯನ್ನು ಪರಿಚಿತ ವಲಯದಿಂದ ಹೊರಗೆ ತರುತ್ತವೆ. ಬೆಂಗಳೂರಿನ ಗಾರ್ಮೆಂಟ್ ಕಾರ್ಖಾನೆಗಳಲ್ಲಿ ಮಹಿಳಾ ಕಾರ್ಮಿಕರಿಗೆ ಸಂವಹನ, ಸಮಯ ನಿರ್ವಹಣೆ, ಸಮಸ್ಯೆ ಪರಿಹಾರ ಮುಂತಾದವನ್ನು ವಾರಕ್ಕೆ ಎರಡು ಗಂಟೆಯಂತೆ ತಿಂಗಳುಗಟ್ಟಲೆ ಕಲಿಸಿ, ಚೀಟಿ ಎತ್ತಿ ಆರಿಸಿದವರನ್ನೂ ಆರಿಸದವರನ್ನೂ ಹೋಲಿಸಿದ ಅಧ್ಯಯನವೊಂದರಲ್ಲಿ ತರಬೇತಿ ಪಡೆದವರ ಉತ್ಪಾದಕತೆ ಸುಮಾರು ಶೇಕಡ 13.5ರಷ್ಟು ಹೆಚ್ಚಿತ್ತು. ಈ ಕೌಶಲಗಳು ಕಲಿಸಿದರೆ ಬರುತ್ತವೆ, ಹುಟ್ಟಿನಿಂದ ಬಂದ ಗುಣಗಳಲ್ಲ ಎಂಬುದಕ್ಕೆ ನಮ್ಮ ನೆಲದ್ದೇ ಆದ ಆಧಾರ ಇದು. ವಾರವಾರವೂ, ದೀರ್ಘಕಾಲ ನಡೆದ ತರಬೇತಿ ಅದಾಗಿತ್ತೆಂಬುದನ್ನು ಎರಡು ದಿನದ ಶಿಬಿರ ಮಾರುವವರು ಗಮನಿಸಬೇಕು.

ಅದೇ ಅಧ್ಯಯನದಲ್ಲಿ ಆ ಮಹಿಳೆಯರ ವೇತನ ಹೆಚ್ಚಿದ್ದು ಮಾತ್ರ ಅತ್ಯಲ್ಪ. ಈ ಸಂಗತಿ ನನ್ನನ್ನು ಬಹಳ ಕಾಡುತ್ತದೆ. ಮೃದು ಕೌಶಲವೆಂದರೆ ವಿನಯದಿಂದ ತಲೆಯಾಡಿಸುವುದು ಎಂಬ ಅರ್ಥದಲ್ಲಿ ಕಲಿಸಿದರೆ ಲಾಭವೆಲ್ಲ ಮಾಲೀಕರಿಗೆ, ಶ್ರಮ ಮಾತ್ರ ಕೆಲಸಗಾರರಿಗೆ ಉಳಿಯುತ್ತದೆ. ಆದ್ದರಿಂದ ಇಂಟರ್ನ್‌ಶಿಪ್‌ಗೆ ಹೋಗುವ ಮುನ್ನ ಸ್ಟೈಪೆಂಡ್ ಬಗ್ಗೆ ಮರ್ಯಾದೆಯಿಂದ ಕೇಳುವುದನ್ನೂ, ಸುರಕ್ಷತೆಯಿಲ್ಲದ ಯಂತ್ರವನ್ನು ನಡೆಸುವುದಿಲ್ಲ ಎಂದು ಹೇಳುವುದನ್ನೂ, ಹತ್ತು ಅಥವಾ ಹೆಚ್ಚು ಮಂದಿ ಕೆಲಸ ಮಾಡುವ ಕಡೆ 2013ರ ಕಾಯ್ದೆಯಂತೆ ಲೈಂಗಿಕ ಕಿರುಕುಳದ ದೂರು ಕೇಳಲು ಆಂತರಿಕ ಸಮಿತಿ ಇರಬೇಕೆಂಬುದನ್ನೂ ವಿದ್ಯಾರ್ಥಿಗಳಿಗೆ ಕಲಿಸಬೇಕು. ಇವೂ ಸಂವಹನ ಕೌಶಲಗಳೇ.

ಈ ದಾರಿಯ ಮಿತಿ ಇರುವುದು ಅವಕಾಶಗಳ ಹಂಚಿಕೆಯಲ್ಲಿ. ಬೆಂಗಳೂರು, ಮೈಸೂರು, ಹುಬ್ಬಳ್ಳಿ, ಬೆಳಗಾವಿಯ ವಿದ್ಯಾರ್ಥಿಗಳಿಗೆ ಸಿಗುವ ಕಾರ್ಖಾನೆ, ಕಚೇರಿಗಳು ತಾಲ್ಲೂಕು ಕೇಂದ್ರದ ಕಾಲೇಜಿನವರಿಗೆ ಸಿಗುವುದಿಲ್ಲ. ಅಲ್ಲಿ ಸಹಕಾರಿ ಸಂಘ, ಎಪಿಎಂಸಿ, ಗ್ರಾಮ ಪಂಚಾಯಿತಿ ಕಚೇರಿ, ಆಸ್ಪತ್ರೆ, ಗ್ಯಾರೇಜ್‌ಗಳನ್ನೂ ಕಲಿಕೆಯ ಜಾಗಗಳೆಂದು ಪರಿಗಣಿಸುವುದು ವಿವೇಕ. ಎಲ್ಲೇ ಕಳುಹಿಸಿದರೂ ವಾರಕ್ಕೊಮ್ಮೆ ಒಬ್ಬ ಅಧ್ಯಾಪಕರು ಫೋನ್ ಮಾಡಿ ಈ ವಾರ ಏನು ಕಷ್ಟವಾಯಿತು, ಅದನ್ನು ಯಾರಿಗೆ ಹೇಗೆ ಹೇಳಿದೆ ಎಂದು ಕೇಳದಿದ್ದರೆ, ಇಂಟರ್ನ್‌ಶಿಪ್ ಒಂದು ಸಹಿ ಮಾಡಿದ ಪ್ರಮಾಣಪತ್ರದಲ್ಲಿ ಮುಗಿದುಹೋಗುತ್ತದೆ. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ (ವಿಟಿಯು) ವ್ಯಾಪ್ತಿಯ ಎಂಜಿನಿಯರಿಂಗ್ ವಿದ್ಯಾರ್ಥಿಗಳು ತರಗತಿಯ ಹೊರಗಿನ ಚಟುವಟಿಕೆಗಳಿಂದ ಗಳಿಸಬೇಕಾದ 100 ಆಕ್ಟಿವಿಟಿ ಪಾಯಿಂಟ್‌ಗಳ ವಿಷಯದಲ್ಲೂ, ಎನ್‌ಎಸ್‌ಎಸ್ ಶಿಬಿರಗಳ ವಿಷಯದಲ್ಲೂ ಇದೇ ಮಾತು.

ಆನ್‌ಲೈನ್ ಕೋರ್ಸ್

ಸರ್ಕಾರಿ ಬೆಂಬಲದ ಆನ್‌ಲೈನ್ ಕಲಿಕಾ ವೇದಿಕೆಗಳಾದ ‘ಸ್ವಯಂ’ ಮತ್ತು ಎನ್‌ಪಿಟಿಇಎಲ್‌ನಲ್ಲಿ ಐಐಟಿ ಅಧ್ಯಾಪಕರ ಮೃದು ಕೌಶಲದ ಕೋರ್ಸ್‌ಗಳಿವೆ, ಇನ್ಫೋಸಿಸ್ ಸ್ಪ್ರಿಂಗ್‌ಬೋರ್ಡ್‌ನಲ್ಲೂ ಉಚಿತ ಪಾಠಗಳಿವೆ. ನೋಡಿ ತಿಳಿಯಬೇಕಾದದ್ದಕ್ಕೆ ಅವು ಚೆನ್ನಾಗಿವೆ. ಆದರೆ ವಿಡಿಯೊಗೆ ವಿದ್ಯಾರ್ಥಿಯ ಮಾತು ಕೇಳಿಸುವುದಿಲ್ಲ, ಹೀಗಾಗಿ ನನ್ನ ಎರಡನೆಯ ಪ್ರಶ್ನೆಗೆ ಇಲ್ಲಿ ಉತ್ತರವಿಲ್ಲ. ತರಗತಿಯ ಅಭ್ಯಾಸಕ್ಕೆ ಮುಂಚಿನ ಮನೆಗೆಲಸವಾಗಿ ಬಳಸಿಕೊಳ್ಳಬಹುದು.

ಯಾವ ಭಾಷೆಯಲ್ಲಿ?

ಯಾವ ದಾರಿ ಹಿಡಿದರೂ ಈ ನಿರ್ಧಾರ ತಪ್ಪಿದ್ದಲ್ಲ. ನಮ್ಮ ಕಾಲೇಜುಗಳಲ್ಲಿ ಸಂವಹನ ಕೌಶಲವನ್ನೂ ಇಂಗ್ಲಿಷ್ ಮಾತನಾಡುವುದನ್ನೂ ಒಂದೇ ಎಂದು ಭಾವಿಸಿ ತರಬೇತಿಯ ಸಮಯವನ್ನೆಲ್ಲ ವ್ಯಾಕರಣ ಮತ್ತು ಉಚ್ಚಾರಣೆಗೆ ಸುರಿಯಲಾಗುತ್ತದೆ. ಕನ್ನಡ ಮಾಧ್ಯಮದಲ್ಲಿ ಓದಿ ಬಂದ ವಿದ್ಯಾರ್ಥಿನಿ ಹೇಳಬೇಕಾದ ವಿಷಯವನ್ನು ಹೊಂದಿಸುವ ಕಷ್ಟವನ್ನೂ ಅದಕ್ಕೆ ಇಂಗ್ಲಿಷ್ ಪದ ಹುಡುಕುವ ಕಷ್ಟವನ್ನೂ ಒಟ್ಟಿಗೆ ಎದುರಿಸಿ, ಎರಡರಲ್ಲೂ ಸೋತು, ತನಗೆ ಮಾತೇ ಬಾರದು ಎಂಬ ತೀರ್ಮಾನಕ್ಕೆ ಬರುತ್ತಾಳೆ. ಅವಳು ಮನೆಯಲ್ಲಿ, ಸ್ವಸಹಾಯ ಸಂಘದ ಸಭೆಯಲ್ಲಿ, ಊರ ಜಗಳದಲ್ಲಿ ಎಷ್ಟು ನೇರವಾಗಿ ಮಾತನಾಡಬಲ್ಲಳೆಂಬುದು ಕಾಲೇಜಿಗೆ ತಿಳಿಯುವುದೇ ಇಲ್ಲ. ಮೊದಲು ಕನ್ನಡದಲ್ಲಿ ವರದಿ ಮಾಡಲು, ವಾದಿಸಲು, ಕ್ಷಮೆ ಕೇಳಲು, ಒಪ್ಪದಿರಲು ಅಭ್ಯಾಸ ಮಾಡಿಸಿ, ನಂತರ ಅದೇ ಮಾತುಗಳನ್ನು ಇಂಗ್ಲಿಷಿಗೆ ತರುವುದು ಸರಿಯಾದ ಕ್ರಮ. ಇಂಗ್ಲಿಷ್ ಬೇಡವೆಂದು ನಾನು ಹೇಳುತ್ತಿಲ್ಲ. ಅದರ ಅಗತ್ಯ ನಿಜವಾದದ್ದು, ಅದಕ್ಕೆ ಬೇರೆಯೇ ಗಂಟೆಗಳನ್ನು ಕೊಡಬೇಕು.

ಆಯ್ಕೆ ಮಾಡುವಾಗ

ಒಬ್ಬರೇ ಅಧ್ಯಾಪಕರು, ಯಾರ ಬೆಂಬಲವೂ ಇಲ್ಲದೆ ಶುರುಮಾಡುವುದಾದರೆ ತಮ್ಮ ಒಂದು ಲ್ಯಾಬ್ ಅಥವಾ ಒಂದು ಚಿಕ್ಕ ಸೆಕ್ಷನ್‌ನಲ್ಲಿ ವಾರದ ವರದಿಯನ್ನು ಒಂದು ಸೆಮಿಸ್ಟರ್ ನಡೆಸಿದರೆ ಸಾಕು. ಪಾಲಿಟೆಕ್ನಿಕ್ ಮತ್ತು ಐಟಿಐಗಳಿಗೆ ಬ್ಯಾಚ್ ಚಿಕ್ಕದಿರುವುದೇ ದೊಡ್ಡ ಬಲ; ಅವು ವರ್ಕ್‌ಶಾಪ್‌ನೊಳಗಿನ ಅಭ್ಯಾಸವನ್ನು ಆಧಾರವಾಗಿಟ್ಟುಕೊಂಡು, ಪ್ರತ್ಯೇಕ ವಿಷಯದ ಗಂಟೆಗಳನ್ನು ಅದಕ್ಕೆ ಪೂರಕವಾಗಿ ಬಳಸಬೇಕು. ದೊಡ್ಡ ಸೆಕ್ಷನ್‌ಗಳ ಪದವಿ ಕಾಲೇಜಿಗೆ ಪ್ರತ್ಯೇಕ ವಿಷಯ ಅನಿವಾರ್ಯವಾಗಬಹುದು, ಆಗ ಸೆಕ್ಷನ್ ಒಡೆದು ಮೂವತ್ತರ ಗುಂಪುಗಳನ್ನಾಗಿ ಮಾಡದಿದ್ದರೆ ಅದೂ ಇನ್ನೊಂದು ಉಪನ್ಯಾಸವಾಗುತ್ತದೆ. ಎಂಜಿನಿಯರಿಂಗ್ ಕಾಲೇಜುಗಳು ಹೊಸದೇನನ್ನೂ ಸೇರಿಸುವ ಮುನ್ನ ಮೂರನೆಯ ಸೆಮಿಸ್ಟರಿನಿಂದಲೇ ತಮ್ಮ ಪ್ರಾಜೆಕ್ಟ್‌ಗಳನ್ನು ಸರಿಪಡಿಸಿಕೊಳ್ಳಲಿ. ಅಂತಿಮ ವರ್ಷಕ್ಕೆ ಕಾಯುವುದರಲ್ಲಿ ಅರ್ಥವಿಲ್ಲ.

ಮೌಲ್ಯಮಾಪನದಲ್ಲಿ ‘ಆತ್ಮವಿಶ್ವಾಸ’, ‘ವ್ಯಕ್ತಿತ್ವ’ ಎಂಬ ತಲೆಬರಹಗಳಿಗೆ ಅಂಕ ಕೊಡಬಾರದು. ಹಾಗೆ ಕೊಟ್ಟರೆ ನಗರದಲ್ಲಿ ಬೆಳೆದ, ಗಟ್ಟಿ ದನಿಯ ಮಕ್ಕಳಿಗೆ ಅಂಕ ಹೋಗಿ, ಮೆಲ್ಲಗೆ ಆದರೆ ಸ್ಪಷ್ಟವಾಗಿ ಹೇಳುವವರು ಹಿಂದುಳಿಯುತ್ತಾರೆ. ಕಣ್ಣಿಗೆ ಕಾಣುವ ನಡೆಗಳಿಗೆ ಅಂಕ ಇರಲಿ: ಕೆಲಸದ ಸ್ಥಿತಿಯನ್ನು ಕೇಳುವ ಮುನ್ನ ತಿಳಿಸಿದಳೇ, ಇನ್ನೊಬ್ಬರ ಮಾತನ್ನು ಸರಿಯಾಗಿ ಮರಳಿ ಹೇಳಿದಳೇ, ಕಳೆದ ವಾರದ ಸಲಹೆಯನ್ನು ಈ ವಾರ ಪಾಲಿಸಿದಳೇ.

ಇಷ್ಟಾದ ಮೇಲೂ ಹೊರಗಿನ ತರಬೇತುದಾರರಿಗಾಗಿ ಹಣ ಮಂಜೂರಾಗಿದ್ದು ಅದನ್ನು ಖರ್ಚು ಮಾಡಲೇಬೇಕಾಗಿದ್ದರೆ, ಒಪ್ಪಂದದಲ್ಲಿಯೇ ಕೆಲವು ಷರತ್ತು ಬರೆಸಿಕೊಳ್ಳಿ. ಹನ್ನೆರಡು ಗಂಟೆಗಳನ್ನು ಎರಡು ದಿನಗಳಲ್ಲಿ ಮುಗಿಸದೆ ಎರಡು ವಾರಕ್ಕೊಮ್ಮೆ ಎರಡು ಗಂಟೆಯಂತೆ ಆರು ಸಲ ಬರಲಿ. ಅರ್ಧಕ್ಕಿಂತ ಹೆಚ್ಚು ಸಮಯ ವಿದ್ಯಾರ್ಥಿಗಳೇ ಮಾತನಾಡಲಿ, ಕನ್ನಡದಲ್ಲಿ ಮಾತನಾಡುವವರನ್ನು ತಡೆಯದಿರಲಿ. ಕಾಲೇಜಿನ ಇಬ್ಬರು ಅಧ್ಯಾಪಕರು ಆರೂ ಸಲ ಆ ಕೊಠಡಿಯಲ್ಲಿದ್ದು ವಿಧಾನವನ್ನು ಕಲಿತುಕೊಳ್ಳಲಿ, ಕೊನೆಯ ಎರಡು ತರಗತಿಗಳನ್ನು ಅವರೇ ನಡೆಸಿ ತರಬೇತುದಾರರು ಹಿಂದೆ ಕುಳಿತು ನೋಡಲಿ. ಮುಂದಿನ ವರ್ಷ ಆ ಹಣ ಮಂಜೂರಾಗದಿದ್ದರೂ ಕೆಲಸ ನಿಲ್ಲುವುದಿಲ್ಲ.